ಒತ್ತಿದರೆ ಮರೆಯಾಗುವ ಮಚ್ಚೆ

ಕಣ್ಣು ಮುಚ್ಚಿದರೆ ಸಾಕು, ನನ್ನ ತೊಡೆಯ ಮೇಲಿನ ಆ ನೀಲಿ ಮಚ್ಚೆ, ನೀರಿಗೆ ಬಿದ್ದ ಬಣ್ಣದ ಹಾಗೆ ಹರಡುತ್ತ ಸೊಂಟ ದಾಟಿ ಹೊಟ್ಟೆಯೊಳಗಿನ ಮಗುವಿನವರೆಗೂ ಹೋಗಿಬಿಡುತ್ತಿತ್ತು. ದೊಡ್ಡ ಮಗಳು ಕಾರ್ತಿಕಾ ಹುಟ್ಟಿದಾಗ ಅದು ಹುಣಿಸೆಬೀಜದಷ್ಟಿತ್ತು. ಈಗ ಈ ಬಸಿರಿನ ಏಳನೇ ತಿಂಗಳಿಗೆ ಅಂಗೈಯಗಲ ಉಬ್ಬಿ ಮೆತ್ತಗಾಗಿದೆ. ಹೆರಿಗೆಯಲ್ಲಿ ಅದು ಒಡೆದರೆ? ಯಾರನ್ನೂ ಕೇಳಿರಲಿಲ್ಲ.

ಅತ್ತೆ ಗಂಗಾಲಕ್ಷ್ಮಿಯವರಿಗಂತೂ ಹೇಳಿಯೇ ಇರಲಿಲ್ಲ. ತಮಿಳು ಸೀಮೆಯ ಮೊರಪ್ಪೂರಿನಿಂದ ಎಡಪ್ಪಾಡಿಯ ಈ ಮಗ್ಗದ ಮನೆಗೆ ಸೊಸೆಯಾಗಿ ಬಂದವರು ಅವರು. ಓದಿದ್ದು ಮೂರನೇ ಕ್ಲಾಸು. ಸಹಿ ಹಾಕುವುದು ತಮಿಳಿನಲ್ಲಿ, ಬೈಯುವುದು ಕನ್ನಡದಲ್ಲಿ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೂ ಟಿವಿ ನೋಡುತ್ತಲೇ ಬೆರಳಾಡಿಸಿ ಹುಡುಕಿಬಿಡುತ್ತಾರೆ. ಹಬ್ಬಕ್ಕೆ ಮಗ್ಗದ ಸದ್ದು ನಿಂತರೆ ಅವರಿಗೆ ತಲೆನೋವು.

ಅವತ್ತು ಮಧ್ಯಾಹ್ನ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಪಕ್ಕದ ಮನೆಯ ಮಗ್ಗದ ಲಟಕ್ ಲಟಕ್ ಮೇಲೆ ನಾನು ತೊಟ್ಟಿಲಲ್ಲಿರುವಂತೆ ತೇಲುತ್ತಿದ್ದೆ. ಸೀರೆ ಸರಿದದ್ದು ತಿಳಿಯಲಿಲ್ಲ. ಅವರ ಬೆರಳು ನಿಂತಾಗಲೇ ಎಚ್ಚರ.

“ಇದೇನ್ ಮೇನಕಾ?”

“ಮಚ್ಚೆ ಅತ್ತೆ. ಹುಟ್ಟಿದಾಗಿಂದ ಐತೆ.”

ಅತ್ತೆ ಒತ್ತಿದರು, ಬಿಟ್ಟರು. ಮತ್ತೆ ಒತ್ತಿದರು.

“ಮಚ್ಚೆ ಒತ್ತಿದ್ರೆ ಓಗ್ತದಾ? ಇದು ಓಗ್ತೈತೆ, ಕೈ ತಗುದ್ರೆ ವಾಪಸ್ ಬತ್ತೈತೆ. ಒಳಗೆ ರಕ್ತ ತುಂಬ್ಕೊಂಡೈತೆ. ಆಸ್ಪತ್ರೇಲಿ ಏನಂತ ಯೋಳ್ದೆ?”

“ಮಚ್ಚಂ ಅಂತ.”

“ಸೇಲಂ ಕಾಲೇಜಲ್ಲಿ ಇದ್ನೇ ಕಲ್ಸುದ್ರಾ? ಮಚ್ಚಂ ಅಂದ್ರೆ ಅದೃಷ್ಟ ಅಂದ್ಕೊಂಡಿರ್ತಾರೆ ಅವ್ರು.”

ನಿಜವೇ. ಮೈಮೇಲೆ ಗಡ್ಡೆ, ಊತ ಏನಾದರೂ ಇದೆಯೇ ಎಂದು ನನ್ನ ಕಾರ್ಡು ಬರೆಯುತ್ತ ನರ್ಸ್ ಕೇಳಿದ್ದಳು. ತವರಿನಲ್ಲಿ ಎಲ್ಲರೂ ಮಚ್ಚೆ ಅನ್ನುತ್ತಿದ್ದುದನ್ನೇ ತಮಿಳು ಮಾಡಿ ಹೇಳಿದ್ದೆ. ತಮಿಳಿನ ಮಚ್ಚಂ ಬರೀ ಕಪ್ಪು ಚುಕ್ಕೆ, ಅದೃಷ್ಟದ ಗುರುತು. ಅವಳು ನಕ್ಕು ಮುಂದಿನ ಸಾಲಿಗೆ ಹೋದಳು. ನಾನು ತಿದ್ದಲಿಲ್ಲ. ಜಾಗ ಎಲ್ಲೆಂದು ಹೇಳಲು ನಾಚಿಕೆ, ಹೇಳಿದರೆ ಕುಯ್ಯುತ್ತಾರೆಂಬ ಭಯ.

“ಕುಯ್ದುಬುಟ್ರೆ, ಅತ್ತೆ?”

“ಕುಯ್ಲಿ ಬುಡ್ಲಿ, ಅವ್ರಿಗೆ ಗೊತ್ತಿರ್ಬೇಕಲ್ಲ? ಹಾಸು ಎಲ್ಲಿ ಸವ್ದೈತೆ ಅಂತ ಗೊತ್ತಿದ್ರೆ ಅಲ್ಲಿ ಮೆಲ್ಲಗೆ ಬಡಿತೀವಿ. ಗೊತ್ತಿಲ್ದಿದ್ರೆ ಪಟ್ ಅಂತ ಓಯ್ತದೆ.” ಅವರ ದನಿ ತಗ್ಗಿತು. “ನೀನೇ ಓಗ್ಬುಟ್ರೆ ನಿನ್ ಮಕ್ಳನ್ ನಾನ್ ಸಾಕ್ಬೇಕಾ? ನನ್ ಕೈಲಿ ಆಗಲ್ಲಮ್ಮ.”

ಎಣ್ಣೆಗೈಯಲ್ಲೇ ಫೋನು ತಂದುಕೊಟ್ಟರು. ಗಾಜಿನ ಮೇಲೆ ಅವರ ಬೆರಳ ಗುರುತು ಮೂಡಿ, ಅಂಕಿಗಳು ನೀರಿನಡಿಯಲ್ಲಿರುವಂತೆ ಕಂಡವು. ಆಸ್ಪತ್ರೆಯ ನಂಬರ್ ಒತ್ತಿದೆ. ಅದೇ ನರ್ಸ್ ಎತ್ತಿದಳು.

“ಸಿಸ್ಟರ್, ನಾನು ಎಡಪ್ಪಾಡಿ ಮೇನಕಾ,” ತಮಿಳಿನಲ್ಲಿ ಶುರುಮಾಡಿದೆ. “ನನ್ನ ಕಾರ್ಡಲ್ಲಿ ಮಚ್ಚಂ ಅಂತಿರೋದು ತಪ್ಪು. ಅದು ಊತ. ಒತ್ತಿದ್ರೆ ಮಾಯವಾಗಿ ಮತ್ತೆ ತುಂಬ್ಕೊಳ್ಳುತ್ತೆ. ಒಳತೊಡೆಯಿಂದ...” ಅತ್ತೆ ಮತ್ತೆ ಕೂತು ನನ್ನ ಪಾದ ಹಿಡಿದುಕೊಂಡರು. “ಮಗು ಬರೋ ದಾರಿವರೆಗೂ ಇದೆ.”

ಆಚೆ ನರ್ಸ್ ಹಾಳೆ ತಿರುವಿದ ಸದ್ದು ಕೇಳಿತು.

“ನಿಂತಾಗ ದೊಡ್ಡದಾಗುತ್ತಾ?”

“ಆಗುತ್ತೆ.”

“ಫೋನ್ ಇಡಬೇಡಿ. ಡಾಕ್ಟರಮ್ಮನಿಗೆ ಕೊಡ್ತೀನಿ.”