ಖಾಜಾಸಾಬರ ಪೆನ್ಸಿಲ್ ಗೆರೆ

ಖಾಜಾಸಾಬರು ಸಿನಿಮಾಕ್ಕೆ ಹೋಗುವಾಗ ಅದರ ಮೂಲ ಕಾದಂಬರಿಯನ್ನೂ ಒಯ್ಯುತ್ತಿದ್ದರು. ಕತ್ತಲೆಯಲ್ಲಿ ಓದಲಾಗದಿದ್ದರೂ ಅದು ತೊಡೆಯ ಮೇಲಿರಬೇಕು. ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ ಅವರ ಹೊಲಿಗೆ ಅಂಗಡಿ. ಓದುತ್ತಿದ್ದದ್ದು ಬರೀ ಗೂಢಚಾರರ ಕಥೆ. ಅವುಗಳಲ್ಲೊಂದು ಸಿನಿಮಾ ಆಯಿತೋ, ನೋಡಿ ಬಂದ ಮರುದಿನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಸಿನಿಮಾದವರು ಬಿಟ್ಟ ಕಡೆಯೆಲ್ಲ ಪುಟದ ಅಂಚಿಗೆ ಗೆರೆ ಎಳೆಯುತ್ತಿದ್ದರು.

“ನೋಡ್ರಿ ಮಾಸ್ತರ್ರೆ, ಕತಿಯಾಗ ಅಂವಾ ಮೂರು ದಿನ ಕಿಡಕಿ ಮುಂದ ಸುಮ್ನ ಕುಂತಾನ. ಸಿನಿಮಾದಾಗ ಅದನ್ನ ಕತ್ತರಿಸಿ ಕಾರು ಓಡಿಸ್ಯಾರ. ಅಳತಿ ಒಬ್ಬಂದು ತಗೊಂಡು ಅಂಗಿ ಇನ್ನೊಬ್ಬಂಗ ಹೊಲಿದಾರ!” ಎಂದು ನನಗೆ ತೋರಿಸುತ್ತಿದ್ದರು.

ಹೆಂಡತಿ ತೀರಿಹೋಗಿದ್ದರು. ಮಗಳು ಗುರುಗುಂಟಾದಲ್ಲಿ. ಓದಿ, ನೋಡಿ, ಅವರೊಡನೆ ಜಗಳಾಡಲು ಇದ್ದವನು ನಾನೊಬ್ಬನೇ. ಮಸ್ಕಿಯ ಶಾಲೆಯ ಮಾಸ್ತರನಾದ ನಾನು ಭಾನುವಾರ ತಪ್ಪದೆ ಬಸ್ಸು ಹತ್ತುತ್ತಿದ್ದೆ. ಅವರದೊಂದೇ ಕಟ್ಟಳೆ: ಇಬ್ಬರೂ ಪುಸ್ತಕ, ಸಿನಿಮಾ ಎರಡನ್ನೂ ಮುಗಿಸುವ ತನಕ ಆ ಕಥೆಯ ಬಗ್ಗೆ ತುಟಿ ಪಿಟಕ್ಕೆನ್ನಬಾರದು.

ಹೋದ ವರ್ಷ ಅವರು ತಾವು ಎರಡನ್ನೂ ಮುಗಿಸಿ ಕೊಟ್ಟ ದಪ್ಪ ಕಾದಂಬರಿಯನ್ನು ನಾನು ತೆರೆಯಲೇ ಇಲ್ಲ. ಫೋನಿನಲ್ಲಿ ಸಿನಿಮಾ ನೋಡಿ, ಓದಿದೆನೆಂದು ಸುಳ್ಳು ಹೇಳಿದೆ. ಎರಡು ತಿಂಗಳು ಮಾತು ತಡೆದುಕೊಂಡಿದ್ದ ಸಾಬರು ಖುಷಿಯಿಂದ ಮಷಿನ್ನು ನಿಲ್ಲಿಸಿ ಚಹಾ ತರಿಸಿದರು. ನಾನು ಜಂಬದಿಂದ ಶುರು ಮಾಡಿದೆ:

“ಕೊನೀಗೆ ಸ್ಟೇಷನ್ನಿಗೆ ಹೆಂಡ್ತಿ ಬಂದು ಅಂವನ ಕೈ ಹಿಡಿತಾಳಲ್ರಿ, ಅದು ಪುಸ್ತಕದಾಗ ಇನ್ನೂ ಚಲೋ ಐತಿ.”

ಸಾಬರು ಕಪ್ಪು ಕೆಳಗಿಟ್ಟರು.

“ಪುಸ್ತಕದಾಗ ಅಕಿ ಬರಂಗಿಲ್ರಿ. ಯಾರೂ ಬರಂಗಿಲ್ಲ.” ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತ, “ಹೋಗ್ಲಿ ಬಿಡ್ರಿ. ನಾ ಒಬ್ಬನ ಓದಿದಂಗಾತು,” ಎಂದು ಮತ್ತೆ ಮಷಿನ್ನು ತುಳಿಯತೊಡಗಿದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಯಿಂದ ನಾಲ್ಕಾರು ಭಾನುವಾರ ಆ ಕಡೆ ಹಾಯಲಿಲ್ಲ. ಮನಸ್ಸು ಗಟ್ಟಿ ಮಾಡಿ ಹೋದಾಗ ಅಂಗಡಿಗೆ ಬೀಗ. ಎದುರಿನ ಪಾನ್ ಅಂಗಡಿಯವನು, “ಸಾಬ್ರು ಮಗಳ ಮನ್ಯಾಗ ತೀರ್ಕೊಂಡ್ರಲ್ರಿ, ನಿಮಗ ಗೊತ್ತಿಲ್ಲೇನು?” ಎಂದ.

ಅವರ ಪುಸ್ತಕ ನನ್ನಲ್ಲೇ ಉಳಿದಿತ್ತು. ಮಸ್ಕಿಗೆ ಬಂದವನೇ ಮೊದಲ ಪುಟದಿಂದ ಓದಿದೆ. ಕೊನೆಯಲ್ಲಿ ಗೂಢಚಾರ ಸ್ಟೇಷನ್ನಿನ ಬೆಂಚಿನ ಮೇಲೆ ಕಾಯುತ್ತಾನೆ. ರೈಲು ಬರುತ್ತದೆ, ಯಾರೂ ಇಳಿಯುವುದಿಲ್ಲ. ಆ ಸಾಲುಗಳ ಪಕ್ಕ ಪೆನ್ಸಿಲ್ ಗೆರೆ, ಅದರ ಕೆಳಗೆ ಸಾಬರ ಅಕ್ಷರ: “ಇಲ್ಲಿ ಮಾಸ್ತರ್ರು ಏನಂತಾರ, ಕೇಳಬೇಕು.”

“ಎರಡೂ ಮುಗಿಸೀನ್ರಿ, ಸಾಬ್ರೆ,” ಎಂದು ಆ ಪುಟಕ್ಕೇ ಹೇಳಿದೆ.