ನಾಲ್ಕನೇ ಪೆಟ್ಟು

ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರೊಬ್ಬರು ಲ್ಯಾಪ್‌ಟಾಪಿನಲ್ಲೇ ಸಂಗೀತ ಮಾಡುತ್ತಿದ್ದರು. ಒಂದು ಚೂರು ಸದ್ದು ಹಿಡಿದು, ಅದನ್ನೇ ಮತ್ತೆಮತ್ತೆ ಸುತ್ತಿಸಿ, ಅದರ ಮೇಲೆ ಇನ್ನೊಂದು ಸದ್ದು ಕೂರಿಸುವರು. ನೀರಿನ ಟ್ಯಾಂಕ್ ನೋಡಲು ಹೋದರೂ ಸರಿ, ಹೆಡ್‌ಫೋನನ್ನು ಅಂಗಿಗೆ ಒರೆಸಿ ಕೊಟ್ಟು, "ಇನ್ನೊಂದ್ ಸುತ್ತು ಕೇಳಿ" ಎನ್ನುವರು. ತಪ್ಪಿಸಿಕೊಂಡು ಬರುವುದೇ ಕಷ್ಟ.

ಒಮ್ಮೆ ಅವರು, ಅಮ್ಮ ಸೀರೆ ನೇಯುವ ಮಗ್ಗದ ಸದ್ದು ರೆಕಾರ್ಡ್ ಮಾಡಲು ಕೆಳಗೆ ಬಂದರು. ಅಮ್ಮನಿಗೆ ಸಂಕೋಚ. "ನಾಲ್ಕನೇ ಪೆಟ್ಟು ತಡವಾಗಿ ಬೀಳುತ್ತೆ ಕಣಪ್ಪಾ. ರಿಪೇರಿ ಮಾಡಿಸ್ತೀನಿ, ಆಮೇಲ್ ಬಾ."

"ಕಂಪ್ಯೂಟರಲ್ಲಿ ಒಂದ್ ಬಟನ್ ಒತ್ತಿದ್ರೆ ಸರಿಹೋಗುತ್ತೆ ಆಂಟಿ. ಆದ್ರೆ ನಾನ್ ಒತ್ತಲ್ಲ."

ಮರುವರ್ಷ ಮಂಡಿನೋವು ತಾಳಲಾರದೆ ಅಮ್ಮ ಮಗ್ಗ ಮಾರಿದಳು. ಅದನ್ನು ಹೊತ್ತ ಟೆಂಪೋ ಹೋದಮೇಲೆ ಮನೆ ಬಿಕೋ ಎನ್ನುತ್ತಿತ್ತು. ಮಹಡಿಯವರು ಲ್ಯಾಪ್‌ಟಾಪ್ ಹಿಡಿದು ಇಳಿದು ಬಂದರು. ಹೆಡ್‌ಫೋನ್ ಒರೆಸಿ ಅಮ್ಮನ ಕೈಗೆ ಕೊಟ್ಟರು.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ಇನ್ನೂ ತಡವಾಗೇ ಬೀಳ್ತಾ ಇದೆ!" ಎಂದು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿ ನಕ್ಕಳು.

ಸ್ವಲ್ಪ ಹೊತ್ತಾದಮೇಲೆ ಹೆಡ್‌ಫೋನ್ ವಾಪಸ್ ತೆಗೆದುಕೊಳ್ಳಲು ಅವರು ಕೈ ಚಾಚಿದರು. ಅಮ್ಮ ಅದನ್ನು ಎರಡೂ ಕಿವಿಗೆ ಅಂಗೈಯಿಂದ ಒತ್ತಿ ಹಿಡಿದಳು.

"ಇರಪ್ಪಾ, ಇನ್ನೊಂದ್ ಸುತ್ತು."