ಲೈಟ್ನಿಂಗ್ ಗೂಡಿನ ಚೀಟಿ

ನನ್ನ ಅಮ್ಮ ರತ್ನಾವತಿ ಮದರಾಸಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿನವರು "ಫೋನಿನಲ್ಲಿ ಮಾತಾಡ್ಲಿಕ್ಕೆ ಸಂಬಳವಾ?" ಎಂದು ನಗುತ್ತಿದ್ದರು. ನಗುವವರಿಗೇನು ಗೊತ್ತು! ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ನೀರು ಕುಡಿಯಲು ಏಳುವುದಕ್ಕೂ ಮೇಲಿನವರ ಅಪ್ಪಣೆ ಬೇಕು. ಒಂದು ದಿನ ಹಾಗೆ ಕೂತಿದ್ದಾಗ, ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಆರಿಸದೆ ಬಂದದ್ದು ಅವಳಿಗೆ ನೆನಪಾಯಿತು. ಎರಡು ಗಂಟೆ ಹೊತ್ತು ಬೊಂಬಾಯಿ, ಕಲ್ಕತ್ತಾ ಕಾಲ್ ಜೋಡಿಸುತ್ತ, ಚಿಂತಾದ್ರಿಪೇಟೆಯ ನಮ್ಮ ಮನೆ ಉರಿಯುವುದನ್ನೇ ಕಣ್ಣೆದುರು ಕಂಡಳಂತೆ. ಪಕ್ಕದ ಮನೆಯ ಶಾರದಮ್ಮನ ಬಳಿ ಇನ್ನೊಂದು ಬೀಗದ ಕೈ ಇದ್ದು, ಅವಳು ಒಳಗೆ ಹೋಗಿ ಸ್ಟೌ ಆರಿಸಿದ್ದರಿಂದ ಅನ್ನ ಸೀದದ್ದಷ್ಟೇ. ಆದರೆ ಮರೆವಿನ ಭಯ ಅವತ್ತು ಅಮ್ಮನ ಎದೆಯಲ್ಲಿ ಮನೆಮಾಡಿತು.

ಆಗ ಅವಳು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದಳು. ಎಕ್ಸ್‌ಚೇಂಜಿನಲ್ಲಿ ಪ್ರತಿ ಕಾಲ್‌ಗೂ ಒಂದು ಚೀಟಿ. ಕಾಯಬಹುದಾದದ್ದು ಆರ್ಡಿನರಿ, ಅವಸರದ್ದು ಅರ್ಜೆಂಟ್, ಜೀವ ಹೋಗುವಂಥದ್ದು ಲೈಟ್ನಿಂಗ್. ಮನೆಯಲ್ಲೂ ಒಂದು ಮರದ ಪೆಟ್ಟಿಗೆಗೆ ಮೂರು ಗೂಡು ಮಾಡಿಸಿ ಅಡಿಗೆಮನೆಯ ಹಲಗೆಯ ಮೇಲಿಟ್ಟಳು. ಪಕ್ಕದಲ್ಲೊಂದು ಉದ್ದ ಮೊಳೆ. ಮುಗಿದ ಕೆಲಸದ ಚೀಟಿಯನ್ನು ಅದಕ್ಕೆ ಚುಚ್ಚಬೇಕು. ಅಪ್ಪ ಮೋನಪ್ಪ ಸೌಕಾರ್‌ಪೇಟೆಯ ಸಸ್ಯಾಹಾರಿ ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಸುಕಿಗೆ ಹೋದರೆ ಹನ್ನೊಂದಕ್ಕೆ ಒಮ್ಮೆ ಬಂದು, ಮತ್ತೆ ಹೋಗಿ, ರಾತ್ರಿ ನಾವು ಮಲಗಿದ ಮೇಲೆ ಬರುವವರು. ಗಂಡಹೆಂಡತಿ ಮುಖ ನೋಡಿ ಮಾತಾಡಿದ್ದಕ್ಕಿಂತ ಚೀಟಿಯಲ್ಲಿ ಮಾತಾಡಿದ್ದೇ ಹೆಚ್ಚು. ತಮಿಳು ಶಾಲೆಗೆ ಹೋಗುತ್ತಿದ್ದ ನಾನು ಕನ್ನಡ ಓದಲು ಕಲಿತದ್ದೂ ಅವೇ ಚೀಟಿಗಳಿಂದ. ಅದೇ ಗ್ರಹಚಾರವಾಯಿತು.

೧೯೬೧ರಲ್ಲಿ, ನನಗೆ ಏಳು ವರ್ಷವಿದ್ದಾಗ, ಬೀದಿನಾಯಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿ ಕೂವಂ ಹೊಳೆಯ ಕಡೆ ಓಡಿತು. ಮತ್ತೆ ಸಿಗಲಿಲ್ಲ. ಅದಕ್ಕೆ ಹುಚ್ಚಿತ್ತೋ ಇಲ್ಲವೋ ಯಾರು ಹೇಳಬೇಕು? ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು, ತಪ್ಪುವಂತಿಲ್ಲ ಎಂದರು ಆಸ್ಪತ್ರೆಯಲ್ಲಿ. ಲೈಟ್ನಿಂಗ್ ಗೂಡಿನಲ್ಲಿ ದಿನವೂ ಹೊಸ ಚೀಟಿ ಕೂತಿತು: "ಊರ್ಮಿಳಾ, ಆಸ್ಪತ್ರೆ." ಅಮ್ಮ ಡ್ಯೂಟಿಗೆ ಮುಂಚೆ ನನ್ನನ್ನು ಕರೆದೊಯ್ಯುತ್ತಿದ್ದಳು. ಎಂಟು ಇಂಜೆಕ್ಷನ್ನಿಗೆ ಹೊಟ್ಟೆಯೆಲ್ಲ ಗಂಟುಗಂಟಾಗಿತ್ತು.

ಒಂಬತ್ತನೆಯ ಬೆಳಿಗ್ಗೆ, ಇಬ್ಬರು ಆಪರೇಟರುಗಳು ಬಂದಿಲ್ಲವೆಂದು ಪ್ಯೂನ್ ಬಂದು ಅಮ್ಮನನ್ನು ಬೇಗ ಕರೆದ.

"ಅಪ್ಪ ಹನ್ನೊಂದಕ್ಕೆ ಬಂದು ಕರ್ಕೊಂಡು ಹೋಗ್ತಾರೆ. ಚೀಟಿ ಲೈಟ್ನಿಂಗಿನಲ್ಲಿ ಉಂಟು. ಹಠ ಮಾಡ್ಬಾರ್ದು ಆಯ್ತಾ?" ಎಂದು ಓಡಿದಳು.

ನಾನು ಅಕ್ಕಿ ಡಬ್ಬಿಯ ಮೇಲೆ ಹತ್ತಿ, ಆ ಚೀಟಿ ತೆಗೆದು, ಮೊಳೆಗೆ ಚುಚ್ಚಿದೆ.

ಅಪ್ಪ ಬಂದರು, ಮೊಳೆ ನೋಡಿದರು. "ಅಮ್ಮನೊಟ್ಟಿಗೆ ಹೋಗಿ ಬಂದ್ಯಾ ಮಗಾ? ತುಂಬಾ ನೋವಾಯ್ತಾ?" ಎಂದರು. ತಲೆಯಾಡಿಸಿದೆ. ಸಂಜೆ ಅಮ್ಮ ಬಂದು ಮೊಳೆ ನೋಡಿ, "ಇವತ್ತು ಯಾವ ಕಡೆ ಚುಚ್ಚಿದ್ರು?" ಎಂದಳು. ಎಡಗಡೆ ತೋರಿಸಿದೆ. ಅಲ್ಲಿ ಮೆಲ್ಲಗೆ ಎಣ್ಣೆ ಸವರಿದಳು.

ಮರುದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಕಾರ್ಡು ನೋಡಿ, "ನೇತ್ತು ಏನ್ ವರಲೆ?" ಎಂದಳು. ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿದ್ದಷ್ಟೇ. ಅಮ್ಮ ಆ ಕಾರ್ಡು ಕಸಿದುಕೊಂಡು ತಾನೇ ನೋಡಿದಳು. ಕೊನೆಗೆ ಒಂದು ಹೆಚ್ಚು ಹಾಕೋಣ ಎಂದರು ಡಾಕ್ಟರು. "ಏನೂ ಆಗಲಿಕ್ಕಿಲ್ಲ. ಆದರೂ ಮೂರು ತಿಂಗಳು ಮಗುವಿನ ಮೇಲೆ ಕಣ್ಣಿಡಿ. ನೀರು ನುಂಗಲು ಕಷ್ಟಪಡುವುದೇ ಹುಚ್ಚಿನ ಗುರುತು, ಹಾಗಾದರೆ ಕೂಡಲೇ ಕರೆತನ್ನಿ."

ಹನ್ನೊಂದಕ್ಕೇ ಚೀಟಿ ಮೊಳೆಯಲ್ಲಿತ್ತು ಎಂದು ಅಪ್ಪ ಆಣೆಯಿಟ್ಟು ಹೇಳಿದರು. ಅದಕ್ಕೆ ಮುಂಚೆ ಮನೆಯಲ್ಲಿದ್ದವಳು ಅಮ್ಮ ಒಬ್ಬಳೇ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಗಡಿಬಿಡಿಯಲ್ಲಿ ನಾನೇ ಚುಚ್ಚಿ ಹೋಗಿದ್ದೇನೆ. ನನ್ನ ತಲೆ ಹೋಗಿದೆ" ಎಂದಳು ಅಮ್ಮ. ನಾನು ಬಾಯಿ ಬಿಡಲಿಲ್ಲ. ನಾಯಿ ಕಚ್ಚಿದವರು ಬೊಗಳುತ್ತಾರೆಂದು ಶಾರದಮ್ಮನ ಮನೆಯಲ್ಲಿ ಯಾರೋ ಹೇಳಿದ್ದರು. ಬಾಯಿ ತೆರೆದರೆ ಬೊಗಳು ಬಂದೀತೆಂದು ನನಗೆ ಹೆದರಿಕೆ.

ಆಮೇಲೆ ಲೈಟ್ನಿಂಗ್ ಗೂಡಿನಲ್ಲಿ "ಊರ್ಮಿಳಾ, ನೀರು" ಎಂಬ ಚೀಟಿ ಬಂತು. ದಿನವೂ ಅಮ್ಮ ಒಂದು ಲೋಟ ನೀರು ಕೊಟ್ಟು ನನ್ನ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದಳು. ಬಸ್‌ಸ್ಟಾಪಿನ ತನಕ ಹೋದವಳು ಸ್ಟೌ ನೋಡಲು ಮೂರು ಸಲ ತಿರುಗಿ ಬರುತ್ತಿದ್ದಳು. ಸಾಯುವವರ ಮನೆಗೆ ಹೋಗಬೇಕಾದ ಕಾಲ್ ತನ್ನ ಕೈಯಲ್ಲಿ ತಪ್ಪಿಹೋದರೆ ಎಂದು ಗೋಡೆಯ ಕಡೆ ತಿರುಗಿ ಹೇಳಿಕೊಳ್ಳುತ್ತಿದ್ದಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಗೂಡಿನಲ್ಲಿ ಇನ್ನೊಂದು ಚೀಟಿ ಕಂಡಿತು. ಅಕ್ಷರ ಕೂಡಿಸಿ ಓದಿದೆ: "ಕೆಲಸಕ್ಕೆ ರಾಜೀನಾಮೆ ಕೊಡುವುದು." ರಾಜೀನಾಮೆ ಎಂದರೇನೆಂದು ಗೊತ್ತಿರಲಿಲ್ಲ, ಆದರೆ ಅಮ್ಮನ ಕಣ್ಣು ಊದಿದ್ದು ಕಾಣುತ್ತಿತ್ತು. ಹೆದರಿದಾಗ ನನಗೆ ತಮಿಳೇ ಬಾಯಿಗೆ ಬರುತ್ತಿತ್ತು.

"ನಾನ್‌ದಾಮ್ಮಾ. ನಾನ್‌ದಾ ಕುತ್ತಿನೇನ್" ಎಂದೆ. ಮೊಳೆಗೆ ಬೆರಳು ತೋರಿಸಿ, ಅವತ್ತು ಆಸ್ಪತ್ರೆಯ ಚೀಟಿ ಚುಚ್ಚಿದವಳು ನಾನೇ ಎಂದು ಅತ್ತೆ.

ಅಮ್ಮ ಗೋಡೆ ಹಿಡಿದು ಕೂತಳು. "ಹಾಗಾದ್ರೆ ನಾನು ಮರ್ತದ್ದಲ್ಲ" ಎಂದಳು. ಮತ್ತೊಮ್ಮೆ ಅಂದಳು. ಮೂರನೆಯ ಸಲ ಅನ್ನುವಾಗ ಎದ್ದು ನನ್ನ ಕೆನ್ನೆಗೆ ಬಾರಿಸಿದಳು. ಅದುವರೆಗೆ ಅವಳು ನನ್ನನ್ನು ಹೊಡೆದದ್ದಿಲ್ಲ. ಹೊಡೆದ ಕೈಯಲ್ಲೇ ನೀರು ತಂದು "ಕುಡಿ" ಎಂದಳು. ಬಿಕ್ಕುತ್ತ ಕುಡಿದೆ. ಒಂದು ಗುಟುಕು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಅಮ್ಮನ ಮುಖ ಬಿಳಿಚಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪೂರ್ತಿ ಕುಡಿದು ಲೋಟ ಬೋರಲು ಮಾಡಿ ತೋರಿಸಿದ ಮೇಲೆಯೇ ಅವಳು ಉಸಿರುಬಿಟ್ಟಳು.

ರಾಜೀನಾಮೆಯ ಚೀಟಿಯನ್ನು ಹರಿದು ಬಚ್ಚಲ ಒಲೆಗೆ ಹಾಕಿದಳು. ಮೊಳೆ ಕಿತ್ತಳು. ಆಮೇಲೆ ಕೆಲಸ ಮುಗಿದದ್ದನ್ನು ಒಬ್ಬರಿಗೊಬ್ಬರು ಬಾಯಲ್ಲೇ ಹೇಳಬೇಕೆಂದಾಯಿತು. ಅಪ್ಪ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಅವಳು ಎದ್ದು ಕೇಳುತ್ತಿದ್ದಳು.

ಮೂರು ತಿಂಗಳು ಕಳೆದವು. ನನಗೆ ಏನೂ ಆಗಲಿಲ್ಲ. ಆದರೆ ನೀರಿನ ಚೀಟಿಯನ್ನು ಅಮ್ಮ ಗೂಡಿನಿಂದ ತೆಗೆಯಲಿಲ್ಲ. ಎಂಟು ವರ್ಷದ ಮೇಲೆ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ದಿನ, ಹೊಸ್ತಿಲಲ್ಲಿ ಒಂದು ಲೋಟ ನೀರು ಕೊಟ್ಟು, ನಾನು ಕುಡಿದು ಮುಗಿಸುವ ತನಕ ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದಳು.